ಈ ಬಾವಿಯ ಜೀವ ಈ ಬಾವಿಗೇ

ನೀರನ್ನು ಗಾಳಿಸಿ ಬಳಸುವುದು ಶ್ರಾವಕನ ಲಕ್ಷಣಗಳಲ್ಲಿ ಒಂದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ದೇವದರ್ಶನ, ರಾತ್ರಿಭೋಜನ ತ್ಯಾಗ, ಗಾಳಿಸಿದ ನೀರು, ಈ ಮೂರನ್ನು ಕಂಡೇ ‘ಇದು ಜೈನರ ಮನೆ’ ಎಂದು ಊರವರು ಗುರುತಿಸುತ್ತಿದ್ದ ಕಾಲವಿತ್ತು. ಆದರೆ ಈ ಆಚರಣೆಗೆ ಎರಡು ಭಾಗಗಳಿವೆ. ಬಟ್ಟೆಯಿಂದ ನೀರನ್ನು ಸೋಸಿಕೊಳ್ಳುವುದು ಮೊದಲನೆಯದು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವರಾಶಿಯನ್ನು, ಅಂದರೆ ಜೀವಾಣಿಯನ್ನು, ಸೋಸಿದ ನೀರಿನಿಂದಲೇ ತೊಳೆದು, ಅದು ಬಂದ ಜಲಾಶಯಕ್ಕೇ ಮರಳಿ ಮುಟ್ಟಿಸುವುದು ಎರಡನೆಯದು. ಮನೆಮನೆಗೆ ನಳದ ನೀರು ಬಂದ ಮೇಲೆ ಮೊದಲ ಭಾಗ ಹೇಗೋ ಉಳಿದುಕೊಂಡಿದೆ. ಎರಡನೆಯದು ಬಹುಮಟ್ಟಿಗೆ ಮರೆತುಹೋಗಿದೆ. ಮರೆತುಹೋದ ಆ ಭಾಗದ ಕುರಿತು ಮತ್ತು ಅದನ್ನು ಮರೆತು ನಾನು ಮಾಡಿದ ಒಂದು ತಪ್ಪಿನ ಕುರಿತು ಈ ಲೇಖನವನ್ನು ಬರೆಯುತ್ತಿದ್ದೇನೆ. ಅದಕ್ಕೆ ನಿಮಿತ್ತವಾದದ್ದು ಕಪ್ಪೆ.

ನಮ್ಮ ಮೂಲ ಮನೆ ಹುಕ್ಕೇರಿಯಲ್ಲಿ. ಹಿತ್ತಿಲಲ್ಲಿ ಕಲ್ಲು ಕಟ್ಟಿದ ಬಾವಿಯಿತ್ತು. ನನ್ನ ಅವ್ವ ಬೆಳಗಿನ ಜಾವ ಎದ್ದು, ನೀರು ಸೇದಿ, ಎರಡು ಮಡಿಕೆ ಮಾಡಿದ ದಪ್ಪ ಬಟ್ಟೆಯಲ್ಲಿ ಗಾಳಿಸುತ್ತಿದ್ದಳು. ಬಳಿಕ ಆ ಬಟ್ಟೆಯನ್ನು ಮಗ್ಗುಲು ಬದಲಿಸಿ ಸೋಸಿದ ನೀರಿನಿಂದ ಮೆಲ್ಲನೆ ತೊಳೆದು, ಆ ನೀರನ್ನು ಒಂದು ಸಣ್ಣ ತಂಬಿಗೆಯಲ್ಲಿ ಹಿಡಿದು, ಹಗ್ಗ ಕಟ್ಟಿ ಬಾವಿಯ ತಳದ ನೀರಿನವರೆಗೆ ಇಳಿಸುತ್ತಿದ್ದಳು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದೆ ಎಂಬುದು ಆಕೆಯ ಭಾವನೆ. ತಂಬಿಗೆ ನೀರನ್ನು ಮುಟ್ಟಿದ ಮೇಲೆ ಹಗ್ಗವನ್ನು ಸ್ವಲ್ಪ ಜಗ್ಗಿ ಅದನ್ನು ವಾಲಿಸುತ್ತಿದ್ದಳು. ಒಮ್ಮೆ ನಾನು, ಎಂಟು ಒಂಬತ್ತು ವರ್ಷದವನು, ಆ ತಂಬಿಗೆಯನ್ನು ಒಯ್ದು ಬೀದಿಯ ಸಾರ್ವಜನಿಕ ಬಾವಿಗೆ ಸುರಿದುಬಿಟ್ಟೆ. ಅವ್ವ ಸಿಟ್ಟಾಗಲಿಲ್ಲ. ಆದರೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಈ ಬಾವ್ಯಾಗಿನ ಜೀವ ಈ ಬಾವಿಗೇ ಹೋಗಬೇಕ ತಮ್ಮಾ. ಬ್ಯಾರೆ ನೀರಾಗ ಅವೂ ಬದುಕೂದಿಲ್ಲ, ಅಲ್ಲಿದ್ದವನ್ನೂ ಬದುಕಗೊಡೂದಿಲ್ಲ.”

ಅವ್ವ ಮೂರನೆಯ ಇಯತ್ತೆಯವರೆಗೆ ಓದಿದವಳು. ನಾನು ಬಿ.ಕಾಂ. ಪದವೀಧರ. ಗೋಕಾಕದಲ್ಲಿ ಬೆಲ್ಲ, ಶೇಂಗಾ, ಗೋವಿನಜೋಳಗಳ ಅಡತಿ ವ್ಯಾಪಾರದಲ್ಲಿ ನಾಲ್ಕು ದಶಕ ಕಳೆದವನು. ಬಿಡುವಿನಲ್ಲಿ ಶ್ರಾವಕಾಚಾರ ಗ್ರಂಥಗಳನ್ನು ಓದಿ, ಚಾತುರ್ಮಾಸದಲ್ಲಿ ನಾಲ್ಕು ಜನರ ಮುಂದೆ ಸ್ವಾಧ್ಯಾಯ ನಡೆಸುವವನು. ಆದರೂ ಅವ್ವನ ಆ ಮಾತಿನ ಉತ್ತರಾರ್ಧ ನನಗೆ ಅರ್ಥವಾಗಲು ಅರವತ್ತು ದಾಟಬೇಕಾಯಿತು.

2009ರ ಬೇಸಿಗೆಯಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯಾಗಿ ಹುಕ್ಕೇರಿಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ನಿಶ್ಚಯವಾಯಿತು. ಬಾವಿಯನ್ನು ಮುಚ್ಚಲೇಬೇಕಿತ್ತು. ಅದರ ಪೊಟರೆಗಳಲ್ಲಿ ಕಪ್ಪೆಗಳಿದ್ದವು. ಮಣ್ಣು ಸುರಿದು ಪಂಚೇಂದ್ರಿಯ ಜೀವಗಳನ್ನು ಜೀವಂತ ಹೂಳುವುದು ಯಾವ ಶ್ರಾವಕನಿಂದಾದೀತು? ಇಬ್ಬರು ಆಳುಗಳನ್ನು ಬಾವಿಗೆ ಇಳಿಸಿ, ಸಿಕ್ಕಷ್ಟು ಕಪ್ಪೆಗಳನ್ನು ಹಿಡಿಸಿ, ಬೆಲ್ಲ ತುಂಬುವ ಎರಡು ತಗಡಿನ ಡಬ್ಬಿಗಳಲ್ಲಿ ಹಾಕಿ, ಬಾವಿಯ ನೀರನ್ನೂ ಸುರಿದು, ಮೂಡಲಗಿ ಸೀಮೆಯ ಒಂದು ಹಳ್ಳಿಯ ಬಸದಿಯ ಬಾವಿಗೆ ಒಯ್ದು ಬಿಟ್ಟೆ. ಆ ಬಸದಿಯ ಕಮಿಟಿಯವರು ನನಗೆ ಶಾಲು ಹೊದಿಸಿ ಫಲ ಕೊಟ್ಟರು. ‘ಅಭಯದಾನ ಮಾಡಿದ ಮಹನೀಯರು’ ಎಂದು ಧ್ವನಿವರ್ಧಕದಲ್ಲಿ ನನ್ನ ಹೆಸರು ಹೇಳಿದರು. ನಾನು ಹಿಗ್ಗಿದೆ.

ಆ ದಿನ ನಾನು ಯಾರಿಗೂ ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. ದಾರಿಯಲ್ಲಿ ಗೋಕಾಕದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಒಂದು ವ್ಯವಹಾರ ಮುಗಿಸಿಕೊಂಡು ಬರಲು ಒಳಗೆ ಹೋದೆ. ಬಿಸಿಲಿನಲ್ಲಿ ತಗಡು ಕಾದಿತ್ತು. ಬಸದಿಯಲ್ಲಿ ಡಬ್ಬಿ ತೆರೆದಾಗ ಏಳು ಕಪ್ಪೆಗಳು ಮೇಲ್ಮುಖವಾಗಿ ತೇಲುತ್ತಿದ್ದವು. ಅವನ್ನು ಬಸದಿಯ ಹಿಂದಿನ ಹೊಲದ ಬದುವಿನಲ್ಲಿ ಹೂಳಿ, ಉಳಿದವುಗಳ ಸಂಖ್ಯೆಯನ್ನು ಮಾತ್ರ ಕಮಿಟಿಗೆ ತಿಳಿಸಿದೆ. ಜಮೆಯನ್ನು ಬರೆದು ಖರ್ಚನ್ನು ಬರೆಯದ ಕಿರ್ದಿ ಅದು. ಅಂಥ ಕಿರ್ದಿಯನ್ನು ನನ್ನ ಗುಮಾಸ್ತೆ ತಂದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಹಲವು ವರ್ಷಗಳ ನಂತರ, ಪ್ರಾಣಿಶಾಸ್ತ್ರ ಕಲಿಸುವ ನನ್ನ ತಮ್ಮನ ಮಗಳು ದೀಪಾವಳಿಗೆ ಬಂದಾಗ, ಮನೆಯವರು ಈ ಅಭಯದಾನದ ಕತೆಯನ್ನು ಹೆಮ್ಮೆಯಿಂದ ಹೇಳಿದರು. ಆಕೆ ನಗಲಿಲ್ಲ, ಹೊಗಳಲಿಲ್ಲ. “ದೊಡ್ಡಪ್ಪಾ, ಜೀವಾಣಿ ಬಗ್ಗೆ ಅಜ್ಜಿ ಹೇಳತಿದ್ದಳಂತಲ್ಲ, ಆ ಮಾತು ಬರೇ ಅರಿವಿಗೆ ಅಲ್ಲ, ಕಪ್ಪಿಗೂ ಐತಿ” ಎಂದಳು. ಬಳಿಕ ಆಕೆ ವಿವರಿಸಿದ್ದನ್ನೂ, ಅನಂತರ ನಾನು ಓದಿ ತಿಳಿದದ್ದನ್ನೂ ಓದುಗರ ಮುಂದಿಡುತ್ತೇನೆ.

ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಕಪ್ಪೆಗಳು ಕಾಣೆಯಾಗತೊಡಗಿದವು. ಆಶ್ಚರ್ಯವೆಂದರೆ, ಮರ ಕಡಿಯದ, ವಿಷ ಸಿಂಪಡಿಸದ, ಸರಕಾರದ ಕಾವಲಿರುವ ಬೆಟ್ಟದ ತೊರೆಗಳಲ್ಲಿಯೇ ಅವು ಸತ್ತವು. ಆಸ್ಟ್ರೇಲಿಯಾದಲ್ಲಿ ಒಂದು ವಿಚಿತ್ರ ಕಪ್ಪೆಯಿತ್ತು. ಅದರ ತಾಯಿ ತತ್ತಿಗಳನ್ನು ನುಂಗಿ, ಜಠರದಲ್ಲಿಯೇ ಮರಿಗಳನ್ನು ಬೆಳೆಸಿ, ಬಾಯಿಯ ಮೂಲಕ ಹೊರಗೆ ಬಿಡುತ್ತಿತ್ತು. ಮರಿಗಳು ಹೊಟ್ಟೆಯಲ್ಲಿರುವಷ್ಟು ಕಾಲವೂ ಅದು ಉಪವಾಸ. ಅಂಥ ತಾಯಿಯ ಕುಲ ಎಂಬತ್ತರ ದಶಕದಲ್ಲಿ ಲೋಕದಿಂದಲೇ ಇಲ್ಲವಾಯಿತು.

ಕಾರಣ ತಿಳಿದದ್ದು ತಡವಾಗಿ. 1998ರಲ್ಲಿ ವಿಜ್ಞಾನಿಗಳ ತಂಡವೊಂದು ಆಸ್ಟ್ರೇಲಿಯಾ ಹಾಗೂ ಮಧ್ಯ ಅಮೆರಿಕ, ಎರಡೂ ಕಡೆ ಸತ್ತ ಕಪ್ಪೆಗಳ ಚರ್ಮದಲ್ಲಿ ಒಂದೇ ಬಗೆಯ ಶಿಲೀಂಧ್ರವನ್ನು ಕಂಡಿತು. ಶಿಲೀಂಧ್ರವೆಂದರೆ ಮಳೆಗಾಲದಲ್ಲಿ ರೊಟ್ಟಿಯ ಮೇಲೆ ಹಿಡಿಯುವ ಬೂಸರಿನ ಜಾತಿಯದು. ಮರುವರ್ಷ, ವಾಷಿಂಗ್ಟನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸತ್ತ ನೀಲಿ ಕಪ್ಪೆಯಿಂದ ಅದನ್ನು ಬೇರ್ಪಡಿಸಿ ‘ಬ್ಯಾಟ್ರಾಕೊಕೈಟ್ರಿಯಂ ಡೆಂಡ್ರೊಬಾಟಿಡಿಸ್’ ಎಂದು ಹೆಸರಿಟ್ಟರು. ಹೆಸರಿನ ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ ಕಪ್ಪೆಯ ಗಡಿಗೆ ಎಂಬಂಥ ಅರ್ಥ. ಈ ಜೀವಿ ಚರ್ಮದೊಳಗೆ ಪುಟ್ಟ ಗಡಿಗೆಯ ಆಕಾರದಲ್ಲಿ ಬೆಳೆಯುತ್ತದೆ. ಗಡಿಗೆ ಬಲಿತಾಗ ಅದರಿಂದ ಬಾಲವುಳ್ಳ ಬೀಜಾಣುಗಳು ಹೊರಬಿದ್ದು, ನೀರಿನಲ್ಲಿ ಈಜಿ, ಮತ್ತೊಂದು ಕಪ್ಪೆಯ ಚರ್ಮವನ್ನು ಸೇರುತ್ತವೆ. ಸಂಕ್ಷೇಪವಾಗಿ ಇದನ್ನು ಕೈಟ್ರಿಡ್ ಎನ್ನುತ್ತಾರೆ.

ಚರ್ಮದ ರೋಗದಿಂದ ಪ್ರಾಣ ಹೋಗುವುದು ಹೇಗೆ ಎಂಬ ಸಂದೇಹ ನನಗೂ ಬಂದಿತ್ತು. ಮನುಷ್ಯನ ಚರ್ಮ ಮೈಯ ಹೊದಿಕೆ ಮಾತ್ರ. ಕಪ್ಪೆಗೆ ಅದು ಅದಕ್ಕಿಂತ ಹೆಚ್ಚು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದ ಒಂದು ಪಾಲು ಚರ್ಮದಿಂದಲೇ ನಡೆಯುತ್ತದೆ. ರಕ್ತದ ಲವಣಗಳ ಸಮತೋಲವನ್ನು ಚರ್ಮವೇ ಕಾಯುತ್ತದೆ. ಶಿಲೀಂಧ್ರ ಹಬ್ಬಿದಾಗ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂಗಳು ಇಳಿದು ಕೊನೆಗೆ ಹೃದಯ ನಿಲ್ಲುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಾನು ಡಬ್ಬಿಗಳಲ್ಲಿ ಕಪ್ಪೆ ತುಂಬಿದ್ದೂ ಅದೇ ವರ್ಷ. ಗೊದಮೊಟ್ಟೆಗಳಿಗೆ ಈ ರೋಗ ಬಾಯಿಯ ಭಾಗಕ್ಕೆ ಮಾತ್ರ ತಗಲುವುದರಿಂದ ಅವು ಸಾಮಾನ್ಯವಾಗಿ ಸಾಯುವುದಿಲ್ಲ; ಸೋಂಕನ್ನು ಹೊತ್ತು ಬೆಳೆದು, ಕಾಲು ಮೂಡಿ ಕಪ್ಪೆಯಾದಾಗ ಸಾಯುತ್ತವೆ. ಕೆಲವು ಜಾತಿಯ ಕಪ್ಪೆಗಳು ಸೋಂಕಿದ್ದರೂ ಆರೋಗ್ಯವಾಗಿಯೇ ಇರುತ್ತವೆ. ಆದಕಾರಣ ಕಣ್ಣಿಗೆ ಗಟ್ಟಿಮುಟ್ಟಾಗಿ ಕಾಣುವ ಕಪ್ಪೆ ನಿರೋಗಿ ಎನ್ನುವಂತಿಲ್ಲ.

2019ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಸೇರಿ ಲೆಕ್ಕ ಹಾಕಿದರು. ಈ ರೋಗದಿಂದ ಕನಿಷ್ಠ 501 ಜಾತಿಯ ಉಭಯಚರಗಳು ಕ್ಷೀಣಿಸಿವೆ; ಅವುಗಳಲ್ಲಿ 90 ಜಾತಿಗಳು ಅಳಿದೇ ಹೋಗಿವೆಯೆಂದು ಭಾವಿಸಲಾಗಿದೆ. ಒಂದು ರೋಗ ಇಷ್ಟು ಜೀವಜಾತಿಗಳನ್ನು ಬಲಿ ತೆಗೆದುಕೊಂಡ ಇನ್ನೊಂದು ನಿದರ್ಶನ ದಾಖಲೆಯಲ್ಲಿ ಇಲ್ಲ.

ಈ ರೋಗ ಸಮುದ್ರಗಳನ್ನು ದಾಟಿದ್ದು ಹೇಗೆ? ಇಲ್ಲಿ ವ್ಯಾಪಾರಿಯಾದ ನಾನು ತಲೆ ತಗ್ಗಿಸಬೇಕಾಗಿದೆ. ಅದನ್ನು ದಾಟಿಸಿದ್ದು ವ್ಯಾಪಾರ. 1930ರ ದಶಕದಿಂದ ಆಫ್ರಿಕದ ಒಂದು ಜಾತಿಯ ಕಪ್ಪೆಯನ್ನು ಗರ್ಭಪರೀಕ್ಷೆಗಾಗಿ ದೇಶದೇಶಗಳಿಗೆ ಸಾಗಿಸುತ್ತಿದ್ದರು. ಹೆಂಗಸಿನ ಮೂತ್ರವನ್ನು ಸೂಜಿಯಿಂದ ಕಪ್ಪೆಗೆ ಚುಚ್ಚಿದರೆ, ಆಕೆ ಗರ್ಭಿಣಿಯಾಗಿದ್ದ ಪಕ್ಷದಲ್ಲಿ ಕಪ್ಪೆ ಒಂದು ದಿನದೊಳಗೆ ತತ್ತಿಯಿಡುತ್ತಿತ್ತು. ಆ ಕಪ್ಪೆಗಳೇ ರೋಗದ ಮೂಲವೆಂದು ಮೊದಲು ಊಹಿಸಿದರು. 2018ರಲ್ಲಿ ವಂಶವಾಹಿಗಳ ಪರೀಕ್ಷೆ ನಡೆಸಿದ ವಿಜ್ಞಾನಿಗಳು, ಮೂಲ ಆಫ್ರಿಕವಲ್ಲ, ಪೂರ್ವ ಏಷ್ಯ ಎಂದು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಮಾರಕವಾದ ತಳಿ ಹಬ್ಬಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಆಹಾರಕ್ಕಾಗಿ, ಪ್ರಯೋಗಾಲಯಕ್ಕಾಗಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಶೋಕಿಗಾಗಿ ಕಪ್ಪೆಗಳ ಸಾಗಣೆ ಹೆಚ್ಚಿದ ಕಾಲವದು.

ನಮ್ಮ ದೇಶ ಆ ವ್ಯಾಪಾರದ ಹೊರಗಿರಲಿಲ್ಲ. ನಾನು ಪದವಿ ಮುಗಿಸಿ ಅಂಗಡಿಯಲ್ಲಿ ಕುಳಿತ ಹೊಸತರಲ್ಲಿ, ‘ಕಪ್ಪೆಯ ಕಾಲಿಗೆ ಪರದೇಶದಲ್ಲಿ ಬಲು ಬೆಲೆ’ ಎಂದು ಬಂದರಿನ ಕಡೆಯ ದಲಾಲರು ಹೇಳುತ್ತಿದ್ದುದು ನೆನಪಿದೆ. 1981ರ ಒಂದೇ ವರ್ಷ ಭಾರತದಿಂದ ನಾಲ್ಕು ಸಾವಿರ ಟನ್ನಿಗೂ ಮೀರಿ ಕಪ್ಪೆಯ ಕಾಲು ರಫ್ತಾಯಿತು. 1987ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಆದರೂ ಮಳೆಗಾಲದ ರಾತ್ರಿಗಳಲ್ಲಿ ಗೋವಾ ಕಡೆ ಬ್ಯಾಟರಿ ಹಿಡಿದು ಕಪ್ಪೆ ಹಿಡಿಯುವ ಕೆಟ್ಟ ರೂಢಿ ಪೂರ್ತಿ ನಿಂತಿಲ್ಲ.

ಭಾರತದಲ್ಲಿ ಈ ಶಿಲೀಂಧ್ರವಿದೆಯೇ? ಇದೆ. ಕೇರಳದ ಪಶ್ಚಿಮಘಟ್ಟದ ಕಪ್ಪೆಯಲ್ಲಿ ಅದನ್ನು ಕಂಡ ವರದಿ 2011ರಲ್ಲಿ ಬಂದಿತು. 2013ರಲ್ಲಿ ನೀಲೇಶ ದಹಾಣೂಕರ, ಸಂಜಯ ಮೊಳೂರ ಮೊದಲಾದವರು ಉತ್ತರ ಪಶ್ಚಿಮಘಟ್ಟದ ಕಪ್ಪೆಗಳಲ್ಲಿಯೂ ಕಂಡರು. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವಶಾಸ್ತ್ರ ಕೇಂದ್ರದಲ್ಲಿ ಕಾರ್ತಿಕೇಯನ್ ವಾಸುದೇವನ್ ಮತ್ತು ಅವರ ಸಂಗಡಿಗರು ಈ ಅಧ್ಯಯನವನ್ನು ಮುಂದುವರಿಸಿದ್ದಾರೆ. ಪರೀಕ್ಷೆಯ ಕ್ರಮ ನಮಗೆ ಸಮಾಧಾನ ಕೊಡುವಂಥದು. ಕಪ್ಪೆಯನ್ನು ಕೊಲ್ಲಬೇಕಾಗಿಲ್ಲ, ಕೊಯ್ಯಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ಹಾಕಿದಂಥ ಹತ್ತಿಯ ಕಡ್ಡಿಯಿಂದ ಅದರ ಹೊಟ್ಟೆಯನ್ನೂ ಕಾಲುಗಳನ್ನೂ ಮೆಲ್ಲನೆ ಒರೆಸಿ ಬಿಟ್ಟುಬಿಡುತ್ತಾರೆ. ಕಡ್ಡಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇದುವರೆಗೆ ಕಂಡುಬಂದಿರುವಂತೆ ನಮ್ಮಲ್ಲಿ ಸೋಂಕಿನ ಪ್ರಮಾಣ ಕಡಿಮೆ, ಆದರೆ ತಳಿಗಳ ವೈವಿಧ್ಯ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. ಏಷ್ಯದಲ್ಲಿ ಈ ಶಿಲೀಂಧ್ರವೂ ಕಪ್ಪೆಯೂ ಬಹುಕಾಲದಿಂದ ಒಟ್ಟಿಗೆ ಬಾಳಿ ಒಂದಕ್ಕೊಂದು ಹೊಂದಿಕೊಂಡಿರಬೇಕು ಎಂಬುದು ತಿಳಿದವರ ಅಭಿಪ್ರಾಯ. ಹಾಗಾದರೆ ಅಪಾಯ ಎಲ್ಲಿಂದ? ಹೊಂದಿಕೊಂಡ ಸ್ಥಳದಿಂದ ಹೊಂದಿಕೊಳ್ಳದ ಸ್ಥಳಕ್ಕೆ ಕಪ್ಪೆಯನ್ನೋ ನೀರನ್ನೋ ಸಾಗಿಸುವವರಿಂದ. ಬೇರೆಬೇರೆ ತಳಿಗಳು ಒಂದೇ ಬಾವಿಯಲ್ಲಿ ಕೂಡಿದರೆ ಹೊಸ ತಳಿ ಹುಟ್ಟುವ ಸಂಭವವೂ ಉಂಟು.

ಅವ್ವನ ಮಾತಿನ ಉತ್ತರಾರ್ಧ ಇದೇ ಅಲ್ಲವೇ? ‘ಅಲ್ಲಿದ್ದವನ್ನೂ ಬದುಕಗೊಡೂದಿಲ್ಲ.’ ಆಕೆ ಸೂಕ್ಷ್ಮದರ್ಶಕವನ್ನು ಕಂಡವಳಲ್ಲ. ಪ್ರತಿಯೊಂದು ನೀರಿಗೂ ಅದರದೇ ಜೀವರಾಶಿ ಇದೆ, ಅದನ್ನು ಬೆರಕೆ ಮಾಡಬಾರದು ಎಂಬ ಆಚಾರ ಆಕೆಗೆ ತಿಳಿದಿತ್ತು. ನಾನು ಹುಕ್ಕೇರಿಯ ಬಾವಿಯ ಕಪ್ಪೆಗಳನ್ನಷ್ಟೇ ಅಲ್ಲ, ನೀರನ್ನೂ ಒಯ್ದು ಮೂಡಲಗಿ ಸೀಮೆಯ ಬಾವಿಗೆ ಸುರಿದೆ. ಅದೃಷ್ಟವಶಾತ್ ಕೇಡಾಗಿರಲಿಕ್ಕಿಲ್ಲ. ಆದರೆ ಕೇಡಾಗದಿದ್ದುದು ನನ್ನ ಪುಣ್ಯವಲ್ಲ. ವಿಚಾರಿಸದೆ ಮಾಡಿದ್ದು ನನ್ನ ಪ್ರಮಾದ. ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಆಚಾರ್ಯರು ಸೇರಿಸಿದ್ದು ಇಂಥದಕ್ಕಾಗಿಯೇ.

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ನಾನು ಇಂತಿಷ್ಟು ದೂರ ಮಾತ್ರ ಹೋಗುತ್ತೇನೆ, ಅದರಾಚೆ ನನ್ನ ವ್ಯವಹಾರವಿಲ್ಲ ಎಂದು ಮಿತಿ ಹಾಕಿಕೊಳ್ಳುವುದು. ವಾರಗಟ್ಟಲೆ ಮುಂಬಯಿ, ಕೊಲ್ಲಾಪುರ ಎಂದು ತಿರುಗುತ್ತಿದ್ದ ನನಗೆ ಈ ವ್ರತ ಹಳೆಯ ಕಾಲದ್ದೆಂದು ತೋರುತ್ತಿತ್ತು. ಅದಕ್ಕೆ ಸಂಬಂಧಿಸಿದ ದೇಶವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರ ಮೊದಲಿಗೆ ‘ಆನಯನ’ವನ್ನು ಹೇಳುತ್ತದೆ. ಮಿತಿಯ ಹೊರಗಿನ ವಸ್ತುವನ್ನು ಒಳಗೆ ತರಿಸಿಕೊಳ್ಳುವುದು ಆನಯನ. ನಾನು ಹೋಗಲಿಲ್ಲವಲ್ಲ, ವಸ್ತು ತಾನೇ ಬಂದಿತು ಎಂಬ ಸಮಾಧಾನವನ್ನು ಸೂತ್ರಕಾರರು ಒಪ್ಪಲಿಲ್ಲ. ವ್ರತದ ಉದ್ದೇಶ ನಮ್ಮ ಲೋಭವನ್ನು ಮಿತಗೊಳಿಸುವುದು ಮತ್ತು ಮಿತಿಯಾಚೆಯ ಜೀವಗಳಿಗೆ ನಮ್ಮಿಂದ ಬಾಧೆಯಾಗದಂತೆ ನೋಡಿಕೊಳ್ಳುವುದು. ಗಾಜಿನ ಪೆಟ್ಟಿಗೆಗೆ ಪರದೇಶದ ಕಪ್ಪೆ, ಮೀನು, ಆಮೆಗಳನ್ನು ತರಿಸುವ ನಮ್ಮ ಮನೆಗಳ ಮಕ್ಕಳಿಗೆ ಈ ಒಂದು ಶಬ್ದವನ್ನು ಕಲಿಸಿದರೆ ಸಾಕೆನಿಸುತ್ತದೆ.

ಈ ವಿಚಾರ ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತೇನೋ. ಕಳೆದ ಚಾತುರ್ಮಾಸದಲ್ಲಿ, ನಾನು ಸದಸ್ಯನಾಗಿರುವ ಬಸದಿಯ ಕಮಿಟಿಯ ಮುಂದೆ ಒಂದು ಸೂಚನೆ ಬಂದಿತು. ಘಟ್ಟದ ಆಚೆ ಕಪ್ಪೆ ಹಿಡಿಯುವವರಿಂದ ಅವನ್ನು ಹಣ ಕೊಟ್ಟು ಬಿಡಿಸಿ ತಂದು, ನಮ್ಮ ಬಸದಿಯ ಹೊಂಡದಲ್ಲಿ ಬಿಡುವುದು. ಒಂದೊಂದು ಕುಟುಂಬ ಇಷ್ಟಿಷ್ಟು ಜೀವಗಳ ಅಭಯದಾನದ ಸೇವೆ ಬರೆಸುವುದು. ಸೂಚಿಸಿದವರು ಎಂಬತ್ತರ ಸಮೀಪದ ಹಿರಿಯರು, ವ್ರತನಿಷ್ಠರು. ಅವರ ಕರುಣೆಯಲ್ಲಿ ಕಪಟವಿರಲಿಲ್ಲ. 2009ರ ನನ್ನ ಶಾಲಿನ ಪ್ರಸಂಗವನ್ನೇ ಅವರು ಮೇಲ್ಪಂಕ್ತಿಯಾಗಿ ಹೇಳಿದಾಗ ನನಗೆ ಭೂಮಿಗಿಳಿದಂತಾಯಿತು.

ನಾನು ಎದ್ದು ನಿಂತು, ಮೇಲೆ ಬರೆದದ್ದನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ. ಏಳು ಕಪ್ಪೆಗಳ ಸಂಗತಿಯನ್ನೂ ಹೇಳಿದೆ. ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಬಳಿಕ ಹಿರಿಯರು ಕೇಳಿದರು: “ರಾಯರ, ನದಿ ತಾನs ಘಟ್ಟದ ನೀರನ್ನ ನಮ್ಮ ಊರಿಗೆ ತರತೈತಿ. ಹಿರಣ್ಯಕೇಶಿ ಆಂಬೋಲಿಯಿಂದ ಬರತೈತಿ. ನದಿ ತಂದರ ತಪ್ಪಿಲ್ಲ, ನಾವು ತಂದರ ತಪ್ಪೇನು?”

ಪ್ರಶ್ನೆ ಸಹಜವಾದದ್ದು. ಹಿರಣ್ಯಕೇಶಿ ಆಂಬೋಲಿಯ ಗುಹೆಯ ಬಳಿ ಹುಟ್ಟಿ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೇಲಿಂದ ಹರಿದು ಘಟಪ್ರಭೆಯನ್ನು ಕೂಡುತ್ತದೆ. ಘಟಪ್ರಭೆ ಗೋಕಾಕದ ಜಲಪಾತದಲ್ಲಿ ಧುಮುಕಿ ಪೂರ್ವಕ್ಕೆ ಸಾಗುತ್ತದೆ. ಆಂಬೋಲಿಯಲ್ಲಿ ಇರುವ ಒಂದು ಗೋದುರುಗಪ್ಪೆ ಆ ಬೆಟ್ಟವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. 2009ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಸಾವಿರಾರು ವರ್ಷಗಳಿಂದ ನದಿ ಹರಿದರೂ ಆ ಕಪ್ಪೆ ಸಂಕೇಶ್ವರಕ್ಕೆ ಬಂದಿಲ್ಲ. ನದಿ ಒಂದೇ ದಿಕ್ಕಿಗೆ, ತನ್ನದೇ ಪಾತ್ರದಲ್ಲಿ ಹರಿಯುತ್ತದೆ. ಘಟ್ಟದ ತೊರೆಯ ತಂಪು ಬಯಲಿನ ಬಿಸಿಲಿಗೆ ಕರಗುತ್ತದೆ. ಈ ಶಿಲೀಂಧ್ರಕ್ಕೆ ಬೇಕಾದದ್ದು 17ರಿಂದ 25 ಡಿಗ್ರಿಯ ತಂಪು, 28 ಡಿಗ್ರಿ ದಾಟಿದರೆ ಅದರ ಬೆಳವಣಿಗೆ ಕುಗ್ಗುತ್ತದೆ. ಮಿಗಿಲಾಗಿ, ಗೋವಾ ಕಡೆಯ ಹೊಳೆಗಳು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತವೆ, ನಮ್ಮವು ಕೃಷ್ಣೆಯನ್ನು ಕೂಡಿ ಪೂರ್ವಕ್ಕೆ ಹೋಗುತ್ತವೆ. ನಡುವೆ ಘಟ್ಟದ ನೆತ್ತಿಯಿದೆ. ಅದನ್ನು ದಾಟಲು ಕಪ್ಪೆಗೆ ತಲೆಮಾರುಗಳು ಬೇಕು, ಲಾರಿಗೆ ಒಂದು ರಾತ್ರಿ ಸಾಕು.

ಎರಡನೆಯದಾಗಿ ನಾನು ವ್ಯಾಪಾರಿಯಾಗಿ ಒಂದು ಮಾತು ಹೇಳಿದೆ. ಗಿರಾಕಿ ಇದ್ದಲ್ಲಿಗೆ ಮಾಲು ಬರುತ್ತದೆ. ಕಪ್ಪೆಗೆ ನಾವು ದರ ಕಟ್ಟಿದರೆ, ತಿನ್ನುವವರಿಗಾಗಿ ಹತ್ತು ಹಿಡಿಯುವವನು ನಮಗಾಗಿ ಇಪ್ಪತ್ತು ಹಿಡಿದಾನು. ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಮಾಡಲಿಲ್ಲ. ಒಂದನ್ನು ಕೂಡಿಸುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ಈ ಅಭಯದಾನದ ಲೆಕ್ಕ ಹಾಗೆಯೇ ಆದೀತು.

ಆದರೆ ಹಿರಿಯರ ಕೊನೆಯ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ. “ಹಂಗಾದರ ಕಣ್ಣೆದುರು ಚೀಲದಾಗ ಒದ್ದಾಡೂ ಜೀವಾನ ನೋಡಕೋಂತ ನಿಂದರೂದೇನು?” ಎಂದರು. ಇಲ್ಲ, ನೋಡುತ್ತ ನಿಲ್ಲಬಾರದು. ಹಿಡಿದ ಜಾಗದಲ್ಲಿಯೇ, ಆಗಲೇ, ಬಿಡಿಸಲು ಯತ್ನಿಸಬೇಕು. ಅರಣ್ಯ ಇಲಾಖೆಗೆ ತಿಳಿಸಬೇಕು. ಅದಾಗದಿದ್ದರೆ? ಆ ಚೀಲದ ಜೀವಗಳ ಸಾವನ್ನು ಕಂಡು ಮರುಗುವುದಷ್ಟೇ ಉಳಿಯುತ್ತದೆ. ಒಂದು ಚೀಲವನ್ನು ಉಳಿಸಲು ಹೋಗಿ ಒಂದು ಹೊಂಡದ ಕುಲವನ್ನೇ ಅಪಾಯಕ್ಕೆ ಒಡ್ಡುವಂತಿಲ್ಲ. ಇದು ಕಠಿಣವಾದ ಮಾತೆಂದು ಬಲ್ಲೆ. ಹಿರಿಯರು ಒಪ್ಪಿದರೆಂದು ಹೇಳಲಾರೆ. ಸೂಚನೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡರು.

ಶಿಲೀಂಧ್ರವೂ ಜೀವವಲ್ಲವೇ, ಅದನ್ನು ನಾಶಮಾಡುವ ಸಂಶೋಧನೆಗೆ ಜೈನರು ಹೇಗೆ ಒಪ್ಪಬೇಕು ಎಂದು ಒಬ್ಬ ತರುಣರು ಕೇಳಿದರು. ಅದು ಏಕೇಂದ್ರಿಯ ಜೀವವೇ. ಕಪ್ಪೆ ಪಂಚೇಂದ್ರಿಯ. ರೋಗಿಗೆ ಔಷಧ ಕೊಡುವ ವೈದ್ಯನಂತೆ, ಇಲ್ಲಿ ಸಂಕಲ್ಪ ಕೊಲ್ಲುವುದಲ್ಲ, ಕಾಪಾಡುವುದು. ಈ ಸಂಬಂಧದಲ್ಲಿ ಆಸ್ಟ್ರೇಲಿಯಾದ ಆಂಥೊನಿ ವಾಡಲ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಹಳ ಹಿಡಿಸಿತು. ತೂತುಗಳಿರುವ ಸಾಧಾರಣ ಇಟ್ಟಿಗೆಗಳನ್ನು ಬಿಸಿಲು ತಾಗುವ ಪುಟ್ಟ ಹೊದಿಕೆಯೊಳಗೆ ಪೇರಿಸಿಟ್ಟರು. ರೋಗ ತಗಲಿದ ಕಪ್ಪೆಗಳು ತಾವಾಗಿಯೇ ಬಂದು ಆ ಬೆಚ್ಚನೆಯ ತೂತುಗಳಲ್ಲಿ ಕುಳಿತವು. ಮೈ ಕಾವೇರಿದಾಗ ಸೋಂಕು ಇಳಿಯಿತು. ಹಾಗೆ ಗುಣವಾದ ಕಪ್ಪೆಗಳು ಮುಂದೆ ಅದೇ ರೋಗವನ್ನು ತಾಳಿಕೊಳ್ಳುವ ಶಕ್ತಿಯನ್ನೂ ಪಡೆದವು. ಹಿಡಿಯದೆ, ಸಾಗಿಸದೆ, ಅವು ಇರುವಲ್ಲಿಯೇ ಆಶ್ರಯ ಕೊಡಬಹುದಾದ ಉಪಾಯವಿದು.

ಕಪ್ಪೆ ಉಳಿದರೆ ನಮಗೇನು ಎನ್ನುವವರಿಗೂ ಒಂದು ಮಾತು. ಕೋಸ್ಟರಿಕಾ ಮತ್ತು ಪನಾಮಾ ದೇಶಗಳಲ್ಲಿ ಈ ರೋಗದಿಂದ ಕಪ್ಪೆಗಳು ಕ್ಷೀಣಿಸಿದ ನಂತರದ ವರ್ಷಗಳಲ್ಲಿ ಮಲೇರಿಯಾ ಹೆಚ್ಚಿತೆಂದು 2022ರ ಒಂದು ಅಧ್ಯಯನ ತೋರಿಸಿದೆ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂದು ಉಮಾಸ್ವಾಮಿಗಳು ಹೇಳಿದ್ದು ಉಪದೇಶಕ್ಕೆ ಮಾತ್ರ ಸೀಮಿತವಲ್ಲ.

ಕಪ್ಪೆಯೆಂದರೆ ನಮ್ಮ ಪರಂಪರೆಗೆ ಅಪರಿಚಿತ ಜೀವವೂ ಅಲ್ಲ. ಜಿನಪೂಜೆಯ ಮಹಿಮೆಗೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉದಾಹರಿಸಿದ್ದು ರಾಜಗೃಹದ ಒಂದು ಕಪ್ಪೆಯನ್ನು. ನಾಗದತ್ತನೆಂಬ ಶ್ರೇಷ್ಠಿ ಆರ್ತಧ್ಯಾನದಿಂದ ಸತ್ತು ತನ್ನದೇ ಮನೆಯ ಬಾವಿಯಲ್ಲಿ ಕಪ್ಪೆಯಾಗಿ ಹುಟ್ಟಿದ. ವರ್ಧಮಾನ ಸ್ವಾಮಿಯ ಸಮವಸರಣ ಬಂದಿತೆಂದು ಅರಿತು, ಬಾಯಲ್ಲಿ ಒಂದು ಕಮಲದೆಸಳನ್ನು ಕಚ್ಚಿಕೊಂಡು ಹೊರಟ ಆ ಕಪ್ಪೆ, ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಸತ್ತು, ಭಕ್ತಿಯ ಫಲದಿಂದ ದೇವನಾಯಿತು. ವ್ಯಾಪಾರಿಯೊಬ್ಬ ತನ್ನ ಬಾವಿಯ ಕಪ್ಪೆಯಾದ ಈ ಕತೆಯನ್ನು ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಹೇಳಿದ್ದೆ. ನನ್ನ ಬಾವಿಯ ಕಪ್ಪೆಗಳನ್ನು ತಗಡಿನ ಡಬ್ಬಿಗೆ ತುಂಬುವಾಗ ಅದು ನೆನಪಾಗಲಿಲ್ಲ.

ಬಸದಿಗಳ ಕಮಿಟಿಗಳಿಗೆ ನನ್ನ ವಿನಂತಿಗಳು ಇಷ್ಟು. ಬಸದಿಯ ಬಾವಿ, ಹೊಂಡಗಳಿಗೆ ಹೊರಗಿನ ಕಪ್ಪೆ, ಮೀನು, ಆಮೆಗಳನ್ನು ತಂದು ಬಿಡುವುದನ್ನು ಪುಣ್ಯಕಾರ್ಯವೆಂದು ನಡೆಸಬಾರದು. ಒಂದು ಹೊಂಡದಲ್ಲಿ ಬಳಸಿದ ಹಗ್ಗ, ಬಕೀಟು, ಜಾಳಿಗೆಗಳನ್ನು ಇನ್ನೊಂದಕ್ಕೆ ಒಯ್ಯುವ ಮುನ್ನ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಈ ಶಿಲೀಂಧ್ರ ಒಣಗುವಿಕೆಯನ್ನು ತಾಳದು. ಬಾವಿಯನ್ನು ಮುಚ್ಚುವುದು ಅನಿವಾರ್ಯವಾದರೆ ಮಳೆಗಾಲ ಕಾದು, ಹಲಗೆಯನ್ನೋ ಒರಟು ಹಗ್ಗವನ್ನೋ ಇಳಿಬಿಟ್ಟು, ಜೀವಗಳು ತಾವಾಗಿ ಹತ್ತಿ ಹತ್ತಿರದ ನೀರಿಗೆ ಹೋಗಲು ಅವಕಾಶ ಕೊಡಬೇಕು. ಹೊಂಡದ ಬಳಿ ಸಾಬೂನು ಹಾಕಿ ಬಟ್ಟೆ ಒಗೆಯಗೊಡಬಾರದು. ಕಪ್ಪೆಗಳು ಗುಂಪಾಗಿ ಸತ್ತದ್ದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ಇಲ್ಲವೆ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಬೇಕು. ನಮ್ಮ ಕಮಿಟಿ ಅಭಯದಾನಕ್ಕೆಂದು ಬರೆಸಿದ್ದ ಹಣವನ್ನು ದಾನಿಗಳ ಒಪ್ಪಿಗೆ ಪಡೆದು ಹಳೆಯ ಹೊಂಡದ ಹೂಳು ತೆಗೆಸಲು ತಿರುಗಿಸಿದೆ. ಆ ಕೆಲಸವನ್ನೂ ಕಪ್ಪೆ ತತ್ತಿಯಿಡುವ ತಿಂಗಳುಗಳನ್ನು ಬಿಟ್ಟು ಮಾಡಿಸುವುದೆಂದು ಠರಾವಾಗಿದೆ.

ಈ ಸಲದ ಕ್ಷಮಾವಣಿಯ ದಿನ ನಾನು ಮೂಡಲಗಿ ಸೀಮೆಯ ಆ ಬಸದಿಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬಾವಿಯೊಳಗಿನಿಂದ ಕಪ್ಪೆಗಳ ದನಿ ಕೇಳಿಬರುತ್ತಿತ್ತು. ಅವು ನಾನು ತಂದವುಗಳ ಸಂತತಿಯೋ, ಮೊದಲಿನಿಂದ ಇದ್ದವುಗಳದೋ, ಗುರುತಿಸುವ ಬಗೆಯಿಲ್ಲ. ಬಾವಿಯ ಕಟ್ಟೆಗೆ ಕೈಮುಗಿದು, ಕಮಿಟಿಯವರ ಬಳಿ 2009ರ ಆ ನೋಂದಣಿ ಪುಸ್ತಕವನ್ನು ಕೇಳಿ ತೆಗೆಸಿದೆ. ನನ್ನ ಹೆಸರಿನ ಮುಂದೆ ಬಿಟ್ಟ ಜೀವಗಳ ಸಂಖ್ಯೆಯಿತ್ತು. ಅದರ ಪಕ್ಕದಲ್ಲಿ, ದಾರಿಯಲ್ಲಿ ಸತ್ತವು ಏಳು ಎಂದು ಬರೆದು ಸಹಿ ಮಾಡಿ ಬಂದೆ.